ಬೇರು ತೊಳೆಯುವ ಕೆಲಸ: ಶಿಲೀಂಧ್ರ ವಿಜ್ಞಾನಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ವಿಶ್ವವಿದ್ಯಾಲಯದಲ್ಲಿ ಶಿಲೀಂಧ್ರಗಳ ಪಾಠ ಮಾಡುತ್ತಾ, ಅವು ಗಿಡಗಳ ಜೊತೆ, ಕೀಟಗಳ ಜೊತೆ ಹೇಗೆ ಬದುಕುತ್ತವೆ ಎಂದು ಹುಡುಕುತ್ತಾ 20 ವರ್ಷ ದಾಟಿತು. ಹೊಸ ವಿದ್ಯಾರ್ಥಿಗಳು, ಅವರ ಅಪ್ಪ ಅಮ್ಮ, ರೈಲಿನಲ್ಲಿ ಎದುರು ಸೀಟಿನಲ್ಲಿ ಕೂತವರು, ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು ಕೇಳುತ್ತಾರೆ. ಉತ್ತರಗಳನ್ನು ಒಂದು ಕಡೆ ಬರೆದಿಟ್ಟಿದ್ದೇನೆ. ಕೆಲವು ಉದ್ದ, ಕೆಲವು ಮೂರೇ ಸಾಲು.

ಮೇಡಂ, ನೀವು ಅಣಬೆ ಬೆಳೆಸ್ತೀರಾ?

ಇಲ್ಲ. ಅಣಬೆ ಬೇಸಾಯ ಬೇರೆಯೇ ವಿದ್ಯೆ, ಅದು ನನಗೆ ಅಷ್ಟಾಗಿ ಬರುವುದೂ ಇಲ್ಲ. ನಾನು ನೋಡುವ ಶಿಲೀಂಧ್ರಗಳಲ್ಲಿ ಹೆಚ್ಚಿನವು ಅಣಬೆಯನ್ನೇ ಬಿಡುವುದಿಲ್ಲ.

ಏನಾದರೂ ದಿಢೀರನೆ ಜಾಸ್ತಿಯಾದರೆ ‘ನಾಯಿಕೊಡೆಗಳ ಹಾಗೆ ತಲೆ ಎತ್ತಿವೆ’ ಅನ್ನುತ್ತೇವಲ್ಲ, ಆ ಮಾತು ಅರ್ಧ ಮಾತ್ರ ಸರಿ. ರಾತ್ರೋರಾತ್ರಿ ಏಳುವುದು ಕೊಡೆ. ಅದನ್ನು ಎಬ್ಬಿಸಿದ ಜೀವ ಮಣ್ಣಿನೊಳಗೋ ಮರದ ಕೊರಡಿನೊಳಗೋ ಎಷ್ಟೋ ಕಾಲದಿಂದ ಇರುತ್ತದೆ, ಕೂದಲಿಗಿಂತ ತೆಳುವಾದ ಎಳೆಗಳ ಬಲೆಯಾಗಿ. ಕೊಡೆ ಅದರ ಹಣ್ಣು ಇದ್ದ ಹಾಗೆ. ಬೀಜಕಗಳನ್ನು ಗಾಳಿಗೆ ತೂರುವುದಕ್ಕೆಂದೇ ಬರುತ್ತದೆ, ತೂರಿ ಹೋಗುತ್ತದೆ. ಅಮೆರಿಕದ ಆರೆಗನ್ ರಾಜ್ಯದ ಒಂದು ಕಾಡಿನಲ್ಲಿ ಒಂದೇ ಒಂದು ಆರ್ಮಿಲೇರಿಯಾ ಶಿಲೀಂಧ್ರ ಸುಮಾರು 9.6 ಚದರ ಕಿಲೋಮೀಟರ್ ಜಾಗದಲ್ಲಿ ಹರಡಿಕೊಂಡಿದೆ. ಅಲ್ಲಿ ನಡೆದಾಡುವವರಿಗೆ ಕಾಣುವುದು ಒಣಗಿದ ಮರಗಳು, ವರ್ಷದಲ್ಲಿ ಕೆಲವು ದಿನ ಒಂದಿಷ್ಟು ಅಣಬೆ. ಅಷ್ಟೆ.

ಶಿಲೀಂಧ್ರ ಅಂದ್ರೆ ಸಸ್ಯ ತಾನೇ?

ಅಲ್ಲ. 1969ರಲ್ಲಿ ರಾಬರ್ಟ್ ವಿಟೇಕರ್ ಅವುಗಳಿಗೆ ಪ್ರತ್ಯೇಕ ಸಾಮ್ರಾಜ್ಯ ಕೊಟ್ಟರು. ವಂಶವೃಕ್ಷ ನೋಡಿದರೆ ಅವು ಗಿಡಗಳಿಗಿಂತ ಪ್ರಾಣಿಗಳಿಗೆ ಹತ್ತಿರ. ಅವುಗಳ ಕೋಶದ ಗೋಡೆಯಲ್ಲಿರುವ ಕೈಟಿನ್ ಎಂಬ ಗಟ್ಟಿ ವಸ್ತು ಜೀರುಂಡೆಯ ಚಿಪ್ಪಿನಲ್ಲೂ ಇದೆ. ಇಷ್ಟಾದರೂ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ನಮ್ಮನ್ನು ಸಸ್ಯಶಾಸ್ತ್ರ ವಿಭಾಗದ ಮೂಲೆಯ ಕೋಣೆಯಲ್ಲೇ ಕೂರಿಸುತ್ತಾರೆ. ಅಭ್ಯಾಸ ಆಗಿಹೋಗಿದೆ.

ಸಹಜೀವನ ಅಂದರೆ ಸ್ನೇಹ, ಅಲ್ವಾ?

ಶಾಲೆಯ ಪುಸ್ತಕದಲ್ಲಿ ಹಾಗೆ ಓದಿರುತ್ತೀರಿ: ಎರಡು ಜೀವಿ, ಎರಡಕ್ಕೂ ಲಾಭ. ಆ ಪದವನ್ನು ಚಲಾವಣೆಗೆ ತಂದವರು ಹಾಗೆ ಹೇಳಿರಲಿಲ್ಲ. ಜರ್ಮನಿಯ ಆಲ್ಬರ್ಟ್ ಬರ್ನ್‌ಹಾರ್ಡ್ ಫ್ರಾಂಕ್ 1877ರಲ್ಲಿ ಕಲ್ಲುಹೂವಿನ (ಶಿಲೀಂಧ್ರ ಮತ್ತು ಪಾಚಿ ಕೂಡಿ ಬದುಕುವ ಜೀವ) ಬಗ್ಗೆ ಬರೆಯುವಾಗ ಅದಕ್ಕೆ ಹತ್ತಿರದ ಪದ ಬಳಸಿದರು. ಮರುವರ್ಷ ಆಂಟನ್ ಡಿ ಬಾರಿ ಅದಕ್ಕೆ ಅಗಲವಾದ ಅರ್ಥ ಕೊಟ್ಟರು: ಬೇರೆ ಬೇರೆ ಬಗೆಯ ಜೀವಿಗಳು ಒಟ್ಟಿಗೆ ಬದುಕುವುದು. ಲಾಭ ನಷ್ಟದ ಮಾತೇ ಅಲ್ಲಿಲ್ಲ. ಪರಾವಲಂಬಿಯೂ ಡಿ ಬಾರಿಯ ಲೆಕ್ಕದಲ್ಲಿ ಸಹಜೀವಿಯೇ.

ನನಗೆ ಈ ಹಳೆಯ ಅರ್ಥವೇ ಸರಿ ಅನಿಸುತ್ತದೆ. ಏಕೆಂದರೆ ಒಂದೇ ಶಿಲೀಂಧ್ರ, ಒಂದೇ ಗಿಡ, ಮಣ್ಣು ಬೇರೆಯಾದರೆ ಸಂಬಂಧವೂ ಬೇರೆ. ರಂಜಕ ಕಡಿಮೆ ಇರುವ ಮಣ್ಣಿನಲ್ಲಿ ಶಿಲೀಂಧ್ರ ಗಿಡವನ್ನು ಬದುಕಿಸುತ್ತದೆ. ಅದೇ ಮಣ್ಣಿಗೆ ಬೇಕಾದಷ್ಟು ರಂಜಕ ಸುರಿದರೆ ಅದೇ ಶಿಲೀಂಧ್ರ ಸುಮ್ನೆ ಕೂತು ತಿನ್ನುವ ನೆಂಟ. ಕೆಲವು ಪ್ರಯೋಗಗಳಲ್ಲಿ ಗಿಡ ಅದರಿಂದ ಕುಗ್ಗಿದ್ದೂ ಇದೆ.

ಇನ್ನೊಂದು ತಮಾಷೆ ಗಮನಿಸಿದ್ದೇನೆ. ಪ್ರತಿ ಕಾಲದವರೂ ತಮ್ಮ ಕಾಲದ ಹೋಲಿಕೆಯನ್ನು ಇದರ ಮೇಲೆ ಹೊದಿಸುತ್ತಾರೆ. 1869ರಲ್ಲಿ ಸೈಮನ್ ಶ್ವೆಂಡನರ್ ಕಲ್ಲುಹೂವಿನೊಳಗಿನ ಶಿಲೀಂಧ್ರವನ್ನು ಯಜಮಾನ ಎಂದೂ ಪಾಚಿಯನ್ನು ಗುಲಾಮರು ಎಂದೂ ಬಣ್ಣಿಸಿದರು. ಆಮೇಲೆ ಮದುವೆ ಅಂದರು. ಆಮೇಲೆ ಮಾರುಕಟ್ಟೆ. ಈಗ ಇಂಟರ್ನೆಟ್. ಶಿಲೀಂಧ್ರ ಮಾತ್ರ ತನ್ನ ಪಾಡಿಗೆ ತಾನು ಇದೆ. ಹೋಲಿಕೆ ಕೊಡದೆ ಪಾಠ ಮಾಡಲು ಆಗುವುದಿಲ್ಲ, ನಾನೂ ಕೊಡುತ್ತೇನೆ. ಆದರೆ ಅದನ್ನೇ ಹಿಡಿದು ಪ್ರಯೋಗದ ಫಲಿತಾಂಶ ಬರೆಯಲು ಹೊರಟ ವಿದ್ಯಾರ್ಥಿಗೆ ಕೆಂಪು ಇಂಕು ಖಚಿತ.

ನಿಮ್ಮ ಮುಖ್ಯ ವಿಷಯ ಮೈಕೊರೈಜಾ ಅಂತೀರಿ. ಅದೇನು?

ಬೇರು ಮತ್ತು ಶಿಲೀಂಧ್ರ ಸೇರಿ ಆಗುವ ಒಂದು ಅಂಗ. ಹೆಸರೇ ಗ್ರೀಕಿನಲ್ಲಿ ‘ಶಿಲೀಂಧ್ರ ಬೇರು’. ಭೂಮಿಯ ಮೇಲಿನ ಗಿಡಗಳಲ್ಲಿ ಸುಮಾರು ಶೇ. 90ರಷ್ಟಕ್ಕೆ ಯಾವುದಾದರೂ ಬಗೆಯ ಮೈಕೊರೈಜಾ ಇದೆ.

ಇದರ ತಿರುಳು ರಂಜಕದ ಲೆಕ್ಕ. ರಂಜಕ ಮಣ್ಣಿನಲ್ಲಿದ್ದರೂ ಕಣಗಳಿಗೆ ಅಂಟಿಕೊಂಡು ಕೂತಿರುತ್ತದೆ, ನೀರಿನ ಜೊತೆ ಹರಿದು ಬೇರಿನ ಬಳಿಗೆ ಬರುವುದಿಲ್ಲ. ಬೇರು ತನ್ನ ಸುತ್ತ ಒಂದೆರಡು ಮಿಲಿಮೀಟರಿನಲ್ಲಿ ಇರುವುದನ್ನು ಬೇಗ ಖಾಲಿ ಮಾಡಿಬಿಡುತ್ತದೆ. ಆಮೇಲೆ? ಹೊಸ ಬೇರು ಬಿಡಬೇಕು, ಅದು ದುಬಾರಿ. ಶಿಲೀಂಧ್ರದ ಎಳೆಯ ದಪ್ಪ ಮಿಲಿಮೀಟರಿನ ನೂರನೇ ಒಂದು ಭಾಗಕ್ಕೂ ಕಡಿಮೆ. ಬೇರು ತೂರದ ಸಂದಿಯಲ್ಲಿ ಅದು ತೂರುತ್ತದೆ, ಹಲವು ಸೆಂಟಿಮೀಟರ್ ಆಚೆಯಿಂದ ರಂಜಕ ತರುತ್ತದೆ. ಬದಲಿಗೆ ಗಿಡ ಬೆಳಕಿನಿಂದ ಮಾಡಿಕೊಂಡ ಸಕ್ಕರೆಯಲ್ಲಿ ಪಾಲು ಕೊಡುತ್ತದೆ. ಕೊಬ್ಬನ್ನೂ ಕೊಡುತ್ತದೆ ಎಂದು 2017ರಲ್ಲಿ ಗೊತ್ತಾಯಿತು. ಬೇರಿನೊಳಗೆ ಹೊಕ್ಕುವ ಬಗೆಯ ಶಿಲೀಂಧ್ರಗಳಿಗೆ ಸ್ವಂತವಾಗಿ ಕೊಬ್ಬಿನ ಆಮ್ಲ ತಯಾರಿಸಲು ಬೇಕಾದ ಮುಖ್ಯ ಜೀನ್‌ಗಳೇ ಇಲ್ಲ.

ಎರಡು ದೊಡ್ಡ ಬಗೆಗಳು ಗೊತ್ತಿದ್ದರೆ ಸಾಕು. ಒಂದು ಬೇರಿನ ಹೊರಗೆ ಕವಚದ ಹಾಗೆ ಸುತ್ತಿಕೊಂಡು ಕೋಶಗಳ ನಡುವೆ ಮಾತ್ರ ನುಗ್ಗುತ್ತದೆ. ಪೈನ್, ಓಕ್, ಬರ್ಚ್ ಮರಗಳಲ್ಲಿ ಇದು. ಇನ್ನೊಂದು ಕೋಶದ ಗೋಡೆ ದಾಟಿ ಒಳಗೇ ಹೋಗಿ ಪುಟ್ಟ ಮರದ ಹಾಗೆ ಕವಲೊಡೆಯುತ್ತದೆ. ಆ ಪುಟ್ಟ ಮರಕ್ಕೆ ಆರ್ಬಸ್ಕ್ಯೂಲ್ ಎಂದು ಹೆಸರು. ಅದರ ಆಯುಷ್ಯ ಕೆಲವೇ ದಿನ. ಕೊಡುಕೊಳ್ಳುವುದು ಮುಗಿದರೆ ಕೋಶವೇ ಅದನ್ನು ಕರಗಿಸಿಕೊಳ್ಳುತ್ತದೆ. ಹೆಚ್ಚಿನ ಹುಲ್ಲು, ಧಾನ್ಯ, ಕಾಳಿನ ಗಿಡಗಳಲ್ಲಿರುವುದು ಈ ಎರಡನೆಯದು.

ಇದು ಎಷ್ಟು ಹಳೆಯದು ಎಂದರೆ, ಬೇರಿಗಿಂತ ಹಳೆಯದು. ಸ್ಕಾಟ್ಲೆಂಡಿನ ರೈನಿ ಎಂಬ ಹಳ್ಳಿಯ ಬಳಿ ಸಿಗುವ ಕಲ್ಲಿನಲ್ಲಿ ಸುಮಾರು 40 ಕೋಟಿ ವರ್ಷ ಹಿಂದಿನ ಗಿಡಗಳು ಒಂದೊಂದು ಕೋಶವೂ ಕಾಣುವ ಹಾಗೆ ಉಳಿದಿವೆ. ಅವುಗಳಲ್ಲಿ ಅಗ್ಲಾಒಫೈಟನ್ ಎಂಬ ಗಿಡಕ್ಕೆ ನಿಜವಾದ ಬೇರೇ ಇಲ್ಲ. ಅದರ ಕಾಂಡದೊಳಗೆ ಆರ್ಬಸ್ಕ್ಯೂಲ್‌ಗಳಿವೆ ಎಂದು 1994ರಲ್ಲಿ ತೋರಿಸಿದರು. ಆ ಚಿತ್ರ ಮತ್ತು ನಿನ್ನೆ ನನ್ನ ಸ್ಲೈಡಿನಲ್ಲಿ ಕಂಡದ್ದು, ಪಕ್ಕಪಕ್ಕ ಇಟ್ಟರೆ ಅಣ್ಣ ತಮ್ಮ.

ಹಾಗಾದರೆ ಉಳಿದ ಶೇ. 10 ಗಿಡಗಳ ಕಥೆ?

ಎಲೆಕೋಸು, ಸಾಸಿವೆ ಇರುವ ಕುಟುಂಬದ ಹೆಚ್ಚಿನ ಗಿಡಗಳು ಈ ವ್ಯವಹಾರಕ್ಕೇ ಬರುವುದಿಲ್ಲ. ಸಸ್ಯ ಜೀವವಿಜ್ಞಾನದ ಮುದ್ದಿನ ಗಿಡ ಅರಬಿಡಾಪ್ಸಿಸ್ ಕೂಡ ಅದೇ ಕುಟುಂಬದ್ದು. ಹೀಗಾಗಿ ಜಗತ್ತಿನ ಪ್ರಯೋಗಾಲಯಗಳಲ್ಲಿ ಅತಿ ಜಾಸ್ತಿ ಓದಿಸಿಕೊಂಡ ಗಿಡಕ್ಕೆ ಹೆಚ್ಚಿನ ಗಿಡಗಳಿಗಿರುವ ಸಂಬಂಧವೇ ಇಲ್ಲ. ನಾವು ಮೆಡಿಕಾಗೊ, ಲೋಟಸ್ (ತಾವರೆಯಲ್ಲ; ಎರಡೂ ಕಾಳಿನ ಕುಟುಂಬದ ಗಿಡಗಳು), ಭತ್ತ ಹಿಡಿದುಕೊಂಡು ಕೆಲಸ ಮಾಡಬೇಕಾಯಿತು.

ಇದನ್ನು ಮೊದಲು ಕಂಡವರು ಯಾರು?

ಮೇಲೆ ಹೇಳಿದ ಫ್ರಾಂಕ್ ಅವರೇ. ಪ್ರಷ್ಯಾದ ಸರ್ಕಾರ ಅವರಿಗೆ ಟ್ರಫಲ್ ಬೆಳೆಸುವುದು ಹೇಗೆ ಎಂದು ನೋಡಲು ಹೇಳಿತ್ತು. ಟ್ರಫಲ್ ಅಂದರೆ ಮಣ್ಣಿನೊಳಗೇ ಬೆಳೆಯುವ ದುಬಾರಿ ಶಿಲೀಂಧ್ರ. ಅವರು ಅದನ್ನು ಬೆಳೆಸಲಿಲ್ಲ. ಹುಡುಕುತ್ತಾ ಮರಗಳ ಎಳೆ ಬೇರುಗಳನ್ನು ನೋಡಿದರೆ, ಯಾವುದೂ ಬೆತ್ತಲೆ ಇಲ್ಲ, ಎಲ್ಲಕ್ಕೂ ಶಿಲೀಂಧ್ರದ ಹೊದಿಕೆ. 1885ರಲ್ಲಿ ಅದಕ್ಕೆ ಮೈಕೊರೈಜಾ ಎಂದು ಹೆಸರಿಟ್ಟು, ಇದು ರೋಗ ಅಲ್ಲ, ಮರಕ್ಕೆ ಉಣಿಸುವ ದಾದಿ ಎಂಬ ಅರ್ಥದಲ್ಲಿ ಬರೆದರು. ಬೇರಿನಲ್ಲಿ ಶಿಲೀಂಧ್ರ ಕಂಡರೆ ರೋಗ ಎಂದೇ ತಿಳಿದಿದ್ದ ಕಾಲ. ಅನೇಕರು ನಂಬಲಿಲ್ಲ. ಆಮೇಲೆ ಫ್ರಾಂಕ್ ಪೈನ್ ಸಸಿಗಳನ್ನು ಕಾಯಿಸಿದ ಮಣ್ಣಿನಲ್ಲೂ ಕಾಯಿಸದ ಮಣ್ಣಿನಲ್ಲೂ ಬೆಳೆಸಿ ಹೋಲಿಸಿ ತೋರಿಸಿದರು. ನಾವು ಇಂದಿಗೂ ಮಾಡುವುದು ಅದೇ ಪ್ರಯೋಗವನ್ನು, ಯಂತ್ರಗಳು ಮಾತ್ರ ಹೊಸವು.

ನನ್ನ ಮೆಚ್ಚಿನವರು ಇನ್ನೊಬ್ಬರು, ಬಾರ್ಬರಾ ಮೋಸ್. ಇಂಗ್ಲೆಂಡಿನಲ್ಲಿ ಹಣ್ಣಿನ ಗಿಡಗಳ ಕೇಂದ್ರದಲ್ಲಿದ್ದಾಗ, 1953ರಲ್ಲಿ, ಸ್ಟ್ರಾಬೆರಿ ಬೇರಿಗೆ ಅಂಟಿಕೊಂಡ ಪುಟ್ಟ ಬೀಜಕಗಳ ಬಗ್ಗೆ ಒಂದು ಸಣ್ಣ ಲೇಖನ ಬರೆದರು. ಆ ಬೀಜಕಗಳಿಂದಲೇ ಬೇರಿನೊಳಗಿನ ಶಿಲೀಂಧ್ರ ಬರುತ್ತದೆ ಎಂದು ಆಮೇಲೆ ತೋರಿಸಿದರು. ನಮ್ಮ ಇಡೀ ಶಾಖೆ ಅಲ್ಲಿಂದ ಬೆಳೆದದ್ದು. ಅವರೂ ಜಿಯೊವನ್ನೆಟ್ಟಿ ಎಂಬವರೂ ಸೇರಿ 1980ರಲ್ಲಿ ಬರೆದ ಎಣಿಕೆ ವಿಧಾನವನ್ನು ಈ ವಾರವೂ ನಮ್ಮ ಲ್ಯಾಬಿನಲ್ಲಿ ಬಳಸಿದ್ದೇವೆ.

ದಿನವಿಡೀ ಏನು ಮಾಡ್ತೀರಿ?

ಬೇರು ತೊಳೆಯುತ್ತೇವೆ. ತಮಾಷೆ ಅಲ್ಲ.

ಒಂದು ಗಿಡವನ್ನು ಮಣ್ಣಿನ ಸಮೇತ ಎತ್ತಿ ಬಕೆಟ್ಟಿನಲ್ಲಿ ನೆನೆಹಾಕಿ, ಜರಡಿಯ ಮೇಲೆ ಸಣ್ಣ ನೀರು ಬಿಡುತ್ತಾ ಬೇರು ಬಿಡಿಸಬೇಕು. ನಮಗೆ ಬೇಕಾದದ್ದು ದಪ್ಪ ಬೇರಲ್ಲ, ತುದಿಯ ದಾರದಂಥವು. ಅವು ಕೈ ಜಾರಿ ಚರಂಡಿಗೆ ಹೋಗುವಂಥವೇ. ಕತ್ತರಿಸಿದ ತುಂಡುಗಳನ್ನು ಪೊಟ್ಯಾಶಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಹಾಕಿ ಬಿಸಿ ಮಾಡುತ್ತೇವೆ. ಬೇರಿನ ಬಣ್ಣ, ಒಳಗಿನ ತಿರುಳು ಎಲ್ಲ ಕರಗಿ ಅದು ಗಾಜಿನ ಹಾಗೆ ಆಗುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ಗಂಜಿ. ಎಷ್ಟು ಹೊತ್ತು ಎಂದು ಪುಸ್ತಕ ಹೇಳುತ್ತದೆ, ಆದರೆ ಒಂದೊಂದು ಗಿಡದ ಬೇರಿಗೆ ಒಂದೊಂದು ಹದ. ಅದು ಕೈಗೆ ಬರಬೇಕು. ತೊಳೆದು, ಸ್ವಲ್ಪ ಆಮ್ಲ ಹಾಕಿ, ಆಮೇಲೆ ಬಣ್ಣ. ಹಿಂದೆ ಟ್ರಿಪಾನ್ ಬ್ಲೂ ಎಂಬ ಬಣ್ಣ ಬಳಸುತ್ತಿದ್ದೆವು, ಅದು ಮೈಗೆ ಒಳ್ಳೆಯದಲ್ಲ. 1998ರಲ್ಲಿ ಕೆಲವರು ಫೌಂಟನ್ ಪೆನ್ನಿನ ಇಂಕನ್ನು ವಿನೆಗರ್‌ಗೆ ಬೆರೆಸಿ ನೋಡಿದರು. ಕೆಲಸ ಮಾಡಿತು! ಎಲ್ಲ ಇಂಕೂ ಆಗುವುದಿಲ್ಲ, ಸರಿಯಾದದ್ದು ಸಿಕ್ಕರೆ ಶಿಲೀಂಧ್ರ ಮಾತ್ರ ಬಣ್ಣ ಹಿಡಿಯುತ್ತದೆ, ಬೇರು ಹಿಡಿಯುವುದಿಲ್ಲ.

ಈಗ ಚೌಕುಳಿ ಗೆರೆ ಇರುವ ತಟ್ಟೆಯಲ್ಲಿ ಬೇರು ಹರಡಿ ಮೈಕ್ರೋಸ್ಕೋಪಿನಡಿ ಎಣಿಕೆ. ಗೆರೆಯನ್ನು ಬೇರು ದಾಟುವ ಪ್ರತಿ ಜಾಗದಲ್ಲೂ ಒಂದೇ ಪ್ರಶ್ನೆ: ಒಳಗೆ ಶಿಲೀಂಧ್ರ ಇದೆಯಾ, ಇಲ್ಲವಾ? ಇದೆ, ಇದೆ, ಇಲ್ಲ, ಇದೆ. ಒಂದು ಮಾದರಿಗೆ ನೂರಾರು ಸಲ. ಹೊಸ ಹುಡುಗರು ಎರಡನೇ ದಿನಕ್ಕೆ ಬೇಸರ ಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಯಾವುದೋ ಒಂದು ಕೋಶದಲ್ಲಿ ಆರ್ಬಸ್ಕ್ಯೂಲ್ ಪೂರ್ತಿ ಬಿಚ್ಚಿಕೊಂಡು ಕಾಣುತ್ತದೆ, ಮಸಿಯಲ್ಲಿ ಬರೆದ ಮರದ ಹಾಗೆ. ಕುರ್ಚಿಯಿಂದ ಎದ್ದು ಎಲ್ಲರನ್ನೂ ಕರೆಯುತ್ತಾರೆ. ಹಾಗೆ ಕರೆದವರು ಸಾಮಾನ್ಯವಾಗಿ ಉಳಿಯುತ್ತಾರೆ.

ಇದು ವಿದ್ಯಾರ್ಥಿಯ ದಿನ. ನನ್ನ ದಿನ ಅಂದರೆ ಪಾಠ, ಉತ್ತರ ಪತ್ರಿಕೆ, ಅನುದಾನದ ಅರ್ಜಿ, ಇನ್ನೊಬ್ಬರ ಲೇಖನ ಓದಿ ಅಭಿಪ್ರಾಯ ಬರೆಯುವುದು, ಸಮಿತಿ, ಮತ್ತೊಂದು ಸಮಿತಿ. ಪ್ರೊಫೆಸರ್ ಆದ ಮೇಲೆ ಮೈಕ್ರೋಸ್ಕೋಪು ಕೈಗೆ ಸಿಗುವುದು ಕಡಿಮೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೇ ಹೇಳುತ್ತಿದ್ದೇನೆ.

ಡಿಎನ್ಎ ಬಂದ ಮೇಲೂ ಕಣ್ಣಲ್ಲಿ ಎಣಿಸಬೇಕಾ?

ಬೇಕು. ಡಿಎನ್ಎ ಯಾರು ಇದ್ದಾರೆ ಎಂದು ಹೇಳುತ್ತದೆ, ಏನು ಮಾಡುತ್ತಿದ್ದಾರೆ ಎಂದು ಹೇಳುವುದಿಲ್ಲ. ಒಂದು ಚಮಚ ಮಣ್ಣಿನಿಂದ ನೂರಾರು ಶಿಲೀಂಧ್ರಗಳ ಪಟ್ಟಿ ಬರಬಹುದು. 2012ರಿಂದ ಐಟಿಎಸ್ ಎಂಬ ಡಿಎನ್ಎ ತುಣುಕನ್ನು ಶಿಲೀಂಧ್ರಗಳ ಗುರುತಿನ ಚೀಟಿ ಎಂದು ಒಪ್ಪಿಕೊಂಡಿದ್ದೇವೆ. ಆದರೆ ನಮ್ಮ ಬೇರಿನೊಳಗಿನ ಶಿಲೀಂಧ್ರಗಳು ಇಲ್ಲೂ ಹಟಮಾರಿಗಳು. ಒಂದೊಂದು ಬೀಜಕದಲ್ಲಿ ನೂರಾರು, ಕೆಲವೊಮ್ಮೆ ಸಾವಿರಾರು ಕೋಶಕೇಂದ್ರಗಳು. ಒಂದೇ ಬೀಜಕದಿಂದ ಆ ತುಣುಕಿನ ಹಲವು ಪಾಠಾಂತರಗಳು ಬರುತ್ತವೆ.

ಅವುಗಳನ್ನು ಗಿಡವಿಲ್ಲದೆ ತಟ್ಟೆಯಲ್ಲಿ ಬೆಳೆಸುವುದೂ ಕಷ್ಟ. 1988ರಲ್ಲಿ ಬೆಕಾರ್ಡ್ ಮತ್ತು ಫೋರ್ಟಿನ್ ಒಂದು ದಾರಿ ಮಾಡಿಕೊಟ್ಟರು. ಬ್ಯಾಕ್ಟೀರಿಯಾದ ಜೀನ್ ಸೇರಿಸಿದ ಕ್ಯಾರೆಟ್ ಬೇರು ಎಲೆ ಕಾಂಡ ಏನೂ ಇಲ್ಲದೆ ತಟ್ಟೆಯಲ್ಲೇ ಬೆಳೆಯುತ್ತದೆ; ಅದರ ಮೇಲೆ ಶಿಲೀಂಧ್ರವನ್ನು ಬಿಡುವುದು. ನಮ್ಮ ಲ್ಯಾಬಿನಲ್ಲೂ ಅಂಥ ತಟ್ಟೆಗಳಿವೆ. ಗಿಡ ಎಂದೂ ಆಗದ ಬೇರು ವರ್ಷಗಟ್ಟಲೆ ಬೆಳೆಯುತ್ತಲೇ ಇರುವುದನ್ನು ನೋಡಿದರೆ ಒಂಥರಾ ಅನಿಸುತ್ತದೆ.

ಮರಗಳು ಶಿಲೀಂಧ್ರದ ಮೂಲಕ ಮಾತಾಡ್ತಾವಂತೆ. ನಿಜವಾ?

ವರ್ಷಕ್ಕೆ ಅತಿ ಜಾಸ್ತಿ ಸಲ ಕೇಳುವ ಪ್ರಶ್ನೆ ಇದೇ. ಗೊತ್ತಿರುವುದನ್ನೂ ಅಂದುಕೊಂಡಿರುವುದನ್ನೂ ಬೇರೆ ಬೇರೆ ಇಡೋಣ.

1997ರಲ್ಲಿ ಕೆನಡಾದಲ್ಲಿ ಸುಜಾನ್ ಸಿಮಾರ್ಡ್ ಮತ್ತು ಸಂಗಡಿಗರು ಬರ್ಚ್ ಹಾಗೂ ಡಗ್ಲಸ್ ಫರ್ ಸಸಿಗಳಿಗೆ ಎರಡು ಬೇರೆ ಬೇರೆ ಗುರುತಿನ ಇಂಗಾಲ ಕೊಟ್ಟು ಪ್ರಯೋಗ ಮಾಡಿದರು. ಒಂದರ ಇಂಗಾಲ ಇನ್ನೊಂದರಲ್ಲಿ ಸಿಕ್ಕಿತು. ನೆರಳಿನಲ್ಲಿದ್ದ ಫರ್ ಸಸಿಗೆ ಜಾಸ್ತಿ ಹೋಗಿತ್ತು. ಬಹಳ ಒಳ್ಳೆಯ ಪ್ರಯೋಗ. ಅಲ್ಲಿಂದ ಮುಂದೆ ಕಥೆ ಬೆಳೆಯಿತು: ತಾಯಿ ಮರ ಮಕ್ಕಳಿಗೆ ಉಣಿಸುತ್ತದೆ, ಸಾಯುವಾಗ ಆಸ್ತಿ ಹಂಚುತ್ತದೆ, ಕೀಟ ಬಂತು ಎಂದು ನೆರೆಯವರಿಗೆ ಸುದ್ದಿ ಕಳಿಸುತ್ತದೆ.

2023ರಲ್ಲಿ ಜಸ್ಟಿನ್ ಕಾರ್ಸ್ಟ್, ಮೆಲನಿ ಜೋನ್ಸ್, ಜೇಸನ್ ಹೋಕ್ಸೆಮಾ ಮೂವರೂ ಕೂತು ಕಾಡಿನಲ್ಲಿ ನಡೆದ ಪ್ರಯೋಗಗಳನ್ನು ಒಂದೊಂದಾಗಿ ತೆರೆದು ನೋಡಿದರು. ಜೋನ್ಸ್ 1997ರ ಲೇಖನದ ಲೇಖಕರಲ್ಲೂ ಒಬ್ಬರು ಎಂಬುದನ್ನು ಗಮನಿಸಿ. ಅವರ ತೀರ್ಮಾನ: ಜನಪ್ರಿಯ ಹೇಳಿಕೆಗಳಿಗೆ ಕಾಡಿನಲ್ಲಿ ಸಿಕ್ಕಿರುವ ಆಧಾರ ಸಾಲದು. ಇಂಗಾಲ ದಾಟಿದೆ, ಸರಿ. ಎಳೆಯೊಳಗಿಂದ ದಾಟಿತೋ, ಮಣ್ಣಿಗೆ ಸೋರಿ ಅಲ್ಲಿಂದ ಹೋಯಿತೋ? ಎರಡು ಮರದ ಬೇರಿನಲ್ಲಿ ಒಂದೇ ಜಾತಿಯ ಶಿಲೀಂಧ್ರ ಇದ್ದ ಮಾತ್ರಕ್ಕೆ ನಡುವಿನ ಎಳೆ ತುಂಡಾಗದೆ ಇದೆ ಅಂತ ಹೇಗೆ ಹೇಳುವುದು? ದಾಟಿದ ಇಂಗಾಲ ಬೇರಿನಲ್ಲೇ ಶಿಲೀಂಧ್ರದ ಬಳಿ ಉಳಿಯಿತೋ, ಮೇಲೆ ಗಿಡಕ್ಕೆ ಸಿಕ್ಕಿತೋ?

ನನ್ನ ಅಭಿಪ್ರಾಯ ಕೇಳಿದರೆ, ಈ ಕಥೆಯಲ್ಲಿ ಶಿಲೀಂಧ್ರಕ್ಕೆ ಅನ್ಯಾಯವಾಗಿದೆ. ಅದನ್ನು ಬರೀ ತಂತಿ ಮಾಡಿಬಿಟ್ಟಿದ್ದೇವೆ, ಮರಗಳ ಮಧ್ಯೆ ಎಳೆದ ತಂತಿ. ತಂತಿಗೆ ಹಸಿವು ಇರುವುದಿಲ್ಲ. ಶಿಲೀಂಧ್ರಕ್ಕೆ ಇದೆ.

ಹಾಗಿದ್ರೆ ಅವು ಮೋಸನೂ ಮಾಡ್ತಾವಾ?

ಎರಡೂ ಕಡೆಯಿಂದ. ಮೊನೊಟ್ರೋಪಾ ಎಂಬ ಬಿಳಿ ಗಿಡ ಇದೆ, ಹಸಿರೇ ಇಲ್ಲ. 1960ರಲ್ಲಿ ಎರಿಕ್ ಬ್ಯೋರ್ಕ್‌ಮನ್ ಪಕ್ಕದ ಮರಗಳಿಗೆ ವಿಕಿರಣದ ಗುರುತು ಹಾಕಿದ ಸಕ್ಕರೆ ಚುಚ್ಚಿದರು. ಸ್ವಲ್ಪ ದಿನದಲ್ಲಿ ಅದು ಮೊನೊಟ್ರೋಪಾದಲ್ಲಿ ಸಿಕ್ಕಿತು. ಮರದಿಂದ ಶಿಲೀಂಧ್ರಕ್ಕೆ, ಶಿಲೀಂಧ್ರದಿಂದ ಇದಕ್ಕೆ. ಆರ್ಕಿಡ್‌ಗಳೂ ಹುಟ್ಟುವಾಗ ಹೀಗೇ. ಅವುಗಳ ಬೀಜ ಧೂಳಿನ ಹಾಗೆ, ಒಳಗೆ ಬುತ್ತಿ ಇಲ್ಲ. ಶಿಲೀಂಧ್ರ ಬಂದು ಉಣಿಸಿದರೆ ಮಾತ್ರ ಕಾಡಿನಲ್ಲಿ ಮೊಳೆಯುತ್ತವೆ. 1899ರಲ್ಲಿ ನೋಯೆಲ್ ಬರ್ನಾರ್ಡ್ ಇದನ್ನು ಕಂಡರು.

ಲೆಕ್ಕ ಇಡುವವರೂ ಇದ್ದಾರೆ. 2011ರಲ್ಲಿ ಟೋಬಿ ಕಿಯರ್ಸ್ ಮತ್ತು ಜೊತೆಗಾರರು ತೋರಿಸಿದ್ದು: ಜಾಸ್ತಿ ರಂಜಕ ಕೊಟ್ಟ ಶಿಲೀಂಧ್ರಕ್ಕೆ ಗಿಡ ಜಾಸ್ತಿ ಸಕ್ಕರೆ ಕೊಡುತ್ತದೆ, ಜಾಸ್ತಿ ಸಕ್ಕರೆ ಕೊಟ್ಟ ಬೇರಿಗೆ ಶಿಲೀಂಧ್ರ ಜಾಸ್ತಿ ರಂಜಕ ಕೊಡುತ್ತದೆ. ಎಲ್ಲ ಜೋಡಿಗಳಲ್ಲೂ ಹೀಗೇ ಅಂತಲ್ಲ.

ಕಲ್ಲುಹೂವಿನ ಬಗ್ಗೆ ಇನ್ನೇನು ಹೊಸದು ಉಳಿದಿದೆ? ಶಿಲೀಂಧ್ರ ಮತ್ತು ಪಾಚಿ ಅಂತ ಗೊತ್ತೇ ಇದೆಯಲ್ಲ.

ನಾವೂ ಹಾಗೇ ಅಂದುಕೊಂಡಿದ್ದೆವು. ಒಂದೇ ಶಿಲೀಂಧ್ರ, ಒಂದೇ ಪಾಚಿ ಇರುವ ಎರಡು ಕಲ್ಲುಹೂವುಗಳಿದ್ದವು. ಒಂದು ಕಂದು, ಇನ್ನೊಂದು ಹಳದಿ ಮತ್ತು ವಿಷ. ಸಾಮಾನು ಒಂದೇ, ಫಲ ಬೇರೆ ಯಾಕೆ? 2016ರಲ್ಲಿ ಟೋಬಿ ಸ್ಪ್ರಿಬಿಲ್ ತಂಡ ನೋಡಿದರೆ, ಹೊರಗಿನ ಪದರದಲ್ಲಿ ಇನ್ನೊಂದು ಶಿಲೀಂಧ್ರ ಯೀಸ್ಟ್ ರೂಪದಲ್ಲಿ ಕೂತಿತ್ತು, ಹಳದಿಯದರಲ್ಲಿ ಜಾಸ್ತಿ. ಎಷ್ಟೋ ಕಾಲದಿಂದ ಕತ್ತರಿಸಿ ನೋಡುತ್ತಿದ್ದ ಜೀವಿಯಲ್ಲಿ ಮೂರನೆಯವನು ಕಣ್ಣಿಗೆ ಬಿದ್ದಿರಲಿಲ್ಲ! ಎಲ್ಲ ಕಲ್ಲುಹೂವುಗಳಲ್ಲೂ ಅದು ಇಲ್ಲ ಎಂದು ಆಮೇಲಿನ ಕೆಲಸ ಹೇಳಿತು. ಹಾಗಾದರೆ ಅದು ಪಾಲುದಾರನೋ, ಬಾಡಿಗೆಗೆ ಇರುವವನೋ? ವಾದ ನಡೆಯುತ್ತಿದೆ.

ಕೀಟಗಳ ಜೊತೆಗೂ ಇದೆಯಾ?

ಹುತ್ತದ ಮೇಲೆ ಏಳುವ ಅಣಬೆ ನೋಡಿದ್ದೀರಲ್ಲ, ಅದೇ. ಕೆಲವು ಗೆದ್ದಲುಗಳು ಹುತ್ತದೊಳಗೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಸಾಕುತ್ತವೆ. ತಿಂದ ಕಡ್ಡಿ ಎಲೆಗಳನ್ನು ಅರೆಬರೆ ಜೀರ್ಣಿಸಿ ಗೊಬ್ಬರದ ಹಾಸಿಗೆ ಮಾಡಿ, ಅದರ ಮೇಲೆ ಬೆಳೆದದ್ದನ್ನು ತಿನ್ನುತ್ತವೆ. ಅಮೆರಿಕ ಖಂಡಗಳ ಎಲೆ ಕತ್ತರಿಸುವ ಇರುವೆಗಳು ಇನ್ನೂ ಅಚ್ಚುಕಟ್ಟು. ಹೊಸ ರಾಣಿ ಹಾರಿ ಹೋಗುವಾಗ ತವರಿನ ಶಿಲೀಂಧ್ರದ ಒಂದು ಚೂರನ್ನು ಬಾಯಿಯ ಚೀಲದಲ್ಲಿ ಇಟ್ಟುಕೊಂಡೇ ಹೋಗುತ್ತಾಳೆ, ಹೆಪ್ಪಿಗೆ ಮೊಸರು ಒಯ್ದ ಹಾಗೆ. ಆ ತೋಟಕ್ಕೆ ಒಂದು ಕಳೆ ಶಿಲೀಂಧ್ರವೂ ಇದೆ. ಅದನ್ನು ತಡೆಯುವ ಬ್ಯಾಕ್ಟೀರಿಯಾವನ್ನು ಇರುವೆಗಳು ಮೈಮೇಲೆ ಹೊತ್ತಿರುತ್ತವೆ ಎಂದು 1999ರಲ್ಲಿ ಕ್ಯಾಮರಾನ್ ಕರಿ ಮತ್ತು ಸಂಗಡಿಗರು ಬರೆದರು.

ಮೈಕೊರೈಜಾ ಪುಡಿ ಹಾಕಿದರೆ ಇಳುವರಿ ಹೆಚ್ಚುತ್ತಾ?

ಹೆಚ್ಚಬಹುದು, ಹೆಚ್ಚದೆಯೂ ಇರಬಹುದು. ಮಣ್ಣಿನಲ್ಲಿ ಶಿಲೀಂಧ್ರ ಮೊದಲೇ ಇದ್ದರೆ ಪ್ಯಾಕೆಟ್ಟಿನಿಂದ ಬಂದ ಹೊಸಬನಿಗೆ ಜಾಗ ಸಿಗುವುದು ಕಷ್ಟ. ರಂಜಕದ ಗೊಬ್ಬರ ಜಾಸ್ತಿ ಹಾಕುತ್ತಿದ್ದರೆ ಗಿಡವೇ ಶಿಲೀಂಧ್ರವನ್ನು ಒಳಗೆ ಬಿಡುವುದಿಲ್ಲ. ಪುಡಿಯೊಳಗಿನ ಬೀಜಕಗಳು ಜೀವಂತ ಇವೆಯೇ ಎಂಬುದು ಇನ್ನೊಂದು ಪ್ರಶ್ನೆ. ಒಮ್ಮೆ ಯಾರೋ ಕಳಿಸಿದ ಪ್ಯಾಕೆಟ್ಟನ್ನು ಜರಡಿ ಹಿಡಿದು ನೋಡಿದೆ. ಸಿಕ್ಕಿದ್ದು ಜೇಡಿಮಣ್ಣು ಮತ್ತು ಒಂದಷ್ಟು ಒಡೆದ ಚಿಪ್ಪು.

ಕೆಲಸ ಮಾಡಿದ ಕಡೆ ಭರ್ಜರಿಯಾಗಿ ಮಾಡಿದೆ. ಪೋರ್ಟೊ ರಿಕೊ ದ್ವೀಪದಲ್ಲಿ ಪೈನ್ ಸಸಿಗಳು ಎಷ್ಟು ಸಲ ನೆಟ್ಟರೂ ಸೊರಗುತ್ತಿದ್ದವು. ಅಲ್ಲಿ ಪೈನ್ ಸಹಜವಾಗಿ ಇಲ್ಲ, ಅದರ ಶಿಲೀಂಧ್ರಗಳೂ ಇಲ್ಲ. 1955ರಲ್ಲಿ ನಾರ್ತ್ ಕ್ಯಾರೊಲಿನಾದ ಪೈನ್ ಕಾಡಿನ ಮಣ್ಣು ತಂದು ಹಾಕಿದ ಮೇಲೆ ಬೆಳೆದವು.

ನನ್ನ ಸಲಹೆ: ಮೊದಲು ಇರುವುದನ್ನು ಉಳಿಸಿಕೊಳ್ಳಿ. ಉಳುಮೆ ಕಡಿಮೆ ಮಾಡಿ, ನೆಲ ಬಹಳ ಕಾಲ ಖಾಲಿ ಬಿಡಬೇಡಿ. ಬೇರಿಲ್ಲದ ನೆಲದಲ್ಲಿ ಇವು ಉಪವಾಸ.

ಈ ಅಣಬೆಯ ಫೋಟೋ ನೋಡಿ, ತಿನ್ನಬಹುದಾ ಹೇಳಿ?

ಹೇಳುವುದಿಲ್ಲ. ಫೋಟೋ ನೋಡಿ ಹೇಳುವುದೇ ಇಲ್ಲ, ಅಣ್ಣ ತಂಗಿ ಕೇಳಿದರೂ ಇಲ್ಲ. ಅಮನಿಟಾ ಫಾಲಾಯ್ಡಿಸ್ ಎಂಬ ಅಣಬೆ ತಿಂದವರಿಗೆ ಮೊದಲ ಹಲವು ಗಂಟೆ ಏನೂ ಆಗುವುದಿಲ್ಲ. ಆಮೇಲೆ ವಾಂತಿ ಭೇದಿ. ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತದೆ, ಅಷ್ಟರಲ್ಲಿ ಪಿತ್ತಜನಕಾಂಗ ಹಾಳಾಗುತ್ತಿರುತ್ತದೆ. ಬೇಯಿಸಿದರೆ ವಿಷ ಹೋಗುವುದಿಲ್ಲ. ಇದೂ ಮರದ ಬೇರಿನ ಸಹಜೀವಿಯೇ. ಯುರೋಪಿನಿಂದ ಸಸಿಗಳ ಬೇರಿಗೆ ಅಂಟಿಕೊಂಡು ಬೇರೆ ಖಂಡಗಳಿಗೆ ಹೋಗಿ ನೆಲೆಯೂರಿದೆ.

ಈ ದಾರಿಗೆ ಬರಲು ಏನು ಓದಬೇಕು?

ಸಸ್ಯಶಾಸ್ತ್ರ, ಸೂಕ್ಷ್ಮಜೀವಶಾಸ್ತ್ರ, ಕೃಷಿ, ಅರಣ್ಯ, ಯಾವುದಾದರೂ ಸರಿ. ಶಿಲೀಂಧ್ರಶಾಸ್ತ್ರದ್ದೇ ಪದವಿ ಸಿಗುವುದು ಅಪರೂಪ. ಸ್ನಾತಕೋತ್ತರ ಆದ ಮೇಲೆ ಪಿಎಚ್.ಡಿ., ದೇಶಕ್ಕೆ ತಕ್ಕಂತೆ 3ರಿಂದ 6 ವರ್ಷ. ಆಮೇಲೆ ಒಂದೋ ಎರಡೋ ಪೋಸ್ಟ್‌ಡಾಕ್, ಅಂದರೆ ಪಿಎಚ್.ಡಿ. ಮುಗಿದ ಮೇಲಿನ ತಾತ್ಕಾಲಿಕ ಸಂಶೋಧನೆಯ ಕೆಲಸ. ಸಂಖ್ಯಾಶಾಸ್ತ್ರ ಮತ್ತು ಸ್ವಲ್ಪ ಪ್ರೋಗ್ರಾಮಿಂಗ್ ಕಲಿಯಿರಿ. ‘ನಂಗೆ ಗಣಿತ ಬೇಡ ಅಂತಲೇ ಜೀವಶಾಸ್ತ್ರ ತಗೊಂಡೆ’ ಎಂದು ಬಂದವರು ಎರಡನೇ ವರ್ಷದಲ್ಲಿ ಒದ್ದಾಡುತ್ತಾರೆ.

ಹಳೆಯ ವಿದ್ಯೆಯನ್ನೂ ಬಿಡಬೇಡಿ. ಬೀಜಕದ ಗೋಡೆಯ ಪದರ ನೋಡಿ ಜಾತಿ ಗುರುತಿಸುವವರು ನಿವೃತ್ತರಾಗುತ್ತಿದ್ದಾರೆ. ಅವರ ಜಾಗಕ್ಕೆ ಬರುವವರು ಕಡಿಮೆ.

ಕೆಲಸ ಸಿಗುತ್ತಾ, ನೇರವಾಗಿ ಹೇಳಿ.

ವಿಶ್ವವಿದ್ಯಾಲಯದಲ್ಲಿ ಕಾಯಂ ಹುದ್ದೆ ಸಿಗುವುದು ಕೆಲವರಿಗೆ ಮಾತ್ರ. ಹೆಚ್ಚಿನವರಿಗೆ ಸಿಗುವುದಿಲ್ಲ. ಜಾಣರಿಗೂ ತಪ್ಪಿಹೋಗಿದೆ. ನನ್ನ ಜೊತೆ ಓದಿದವರು ಈಗ ಸಸ್ಯರೋಗ, ಔಷಧ, ಹುದುಗಿನ ಆಹಾರ, ಅರಣ್ಯ, ಪೇಟೆಂಟ್ ಪರಿಶೀಲನೆಯಲ್ಲಿದ್ದಾರೆ. ಅವರಲ್ಲಿ ಕೆಲವರು ನನಗಿಂತ ಜಾಸ್ತಿ ಹೊತ್ತು ಮೈಕ್ರೋಸ್ಕೋಪಿನ ಮುಂದೆ ಕೂರುತ್ತಾರೆ, ಹೊಟ್ಟೆಕಿಚ್ಚಾಗುತ್ತದೆ.

ನಿಮ್ಮ ಅತಿ ದೊಡ್ಡ ಎಡವಟ್ಟು ಯಾವುದು?

ಪಿಎಚ್.ಡಿ. ಎರಡನೇ ವರ್ಷ. 60 ಕುಂಡ, ಅರ್ಧಕ್ಕೆ ಶಿಲೀಂಧ್ರ ಹಾಕಿದ್ದು, ಅರ್ಧಕ್ಕೆ ಹಾಕದ್ದು. ಮಣ್ಣನ್ನೆಲ್ಲ ಆಟೊಕ್ಲೇವಿನಲ್ಲಿ ಬೇಯಿಸಿ ಶುದ್ಧ ಮಾಡಿದ್ದೆ. ನಾಲ್ಕು ತಿಂಗಳು ಕಾದು, ಬೇರು ತೆಗೆದು, ಬಣ್ಣ ಹಾಕಿ ನೋಡಿದರೆ ಹಾಕದ ಕುಂಡಗಳಲ್ಲೂ ನೀಲಿ ಎಳೆಗಳು. ಒಂದೆರಡರಲ್ಲಿ ಅಲ್ಲ, 19ರಲ್ಲಿ. ಮಾರ್ಗದರ್ಶಕರು ಸ್ಲೈಡ್ ನೋಡಿದರು. ಬಯ್ಯಲಿಲ್ಲ.

‘ನೀರು ಹಾಕಿದ್ದು ಯಾರಮ್ಮಾ?’

‘ನಾನೇ ಸರ್.’

‘ಪೈಪಲ್ಲಾ?’

ಪೈಪಿನಲ್ಲೇ ಹಾಕಿದ್ದೆ. ಆ ತುದಿಯಿಂದ ಈ ತುದಿಗೆ, ಒಂದೇ ಬೀಸಿನಲ್ಲಿ. ಹಾಕಿದ ಕುಂಡದ ಮಣ್ಣಿನ ಹನಿ ಸಿಡಿದು ಹಾಕದ ಕುಂಡಕ್ಕೆ ಬಿದ್ದಿತ್ತು. ಈಗ ನಮ್ಮಲ್ಲಿ ಎರಡು ಗುಂಪಿನ ಕುಂಡಗಳು ಎರಡು ಬೇರೆ ಮೇಜಿನ ಮೇಲೆ, ಒಂದೊಂದಕ್ಕೂ ಲೋಟದಲ್ಲಿ ನೀರು. ಶಿಲೀಂಧ್ರ ಹಾಕದ ಕುಂಡಕ್ಕೆ ಅದೇ ಮಣ್ಣಿನ ಸೋಸಿದ ನೀರನ್ನೂ ಹಾಕುತ್ತೇವೆ. ಬ್ಯಾಕ್ಟೀರಿಯಾಗಳು ಎರಡೂ ಕಡೆ ಸಮ ಇರಬೇಕಲ್ಲ, ಇಲ್ಲದಿದ್ದರೆ ವ್ಯತ್ಯಾಸ ಶಿಲೀಂಧ್ರದ್ದೋ ಬ್ಯಾಕ್ಟೀರಿಯಾದ್ದೋ ಗೊತ್ತಾಗುವುದಿಲ್ಲ.

ಬೂಷ್ಟಿನ ಜೊತೆ ಕೆಲಸ ಮಾಡಿ ಆರೋಗ್ಯ ಕೆಡಲ್ವಾ?

ಬೇರಿನ ಶಿಲೀಂಧ್ರಗಳಿಂದ ಹೆದರಿಕೆ ಇಲ್ಲ. ಆಸ್ಪರ್ಜಿಲ್ಲಸ್ ಥರದ ಬೂಷ್ಟುಗಳ ಮಾತು ಬೇರೆ. ಅಲರ್ಜಿ, ಅಸ್ತಮಾ ಇರುವವರು ಮೊದಲೇ ಹೇಳಬೇಕು. ತಟ್ಟೆ ಶುದ್ಧ ಇರಲಿ ಎಂದು ಗಾಳಿಯನ್ನು ನಮ್ಮ ಕಡೆಗೇ ಬೀಸುವ ಪೆಟ್ಟಿಗೆ ಇದೆ. ಅದು ತಟ್ಟೆಯನ್ನು ಕಾಪಾಡುತ್ತದೆ, ನಿಮ್ಮನ್ನಲ್ಲ. ರೋಗ ತರುವವನ್ನು ಅದರಲ್ಲಿ ತೆರೆಯಲೇಬಾರದು.

ಇನ್ನು ಕಂಡುಹಿಡಿಯಲು ಏನಿದೆ?

2017ರ ಒಂದು ಅಂದಾಜಿನಲ್ಲಿ ಜಗತ್ತಿನಲ್ಲಿ 22ರಿಂದ 38 ಲಕ್ಷ ಜಾತಿಯ ಶಿಲೀಂಧ್ರಗಳಿವೆ. ಹೆಸರಿಟ್ಟಿರುವುದು ಸುಮಾರು ಒಂದೂವರೆ ಲಕ್ಷಕ್ಕೆ. ಮಣ್ಣಿನ ಡಿಎನ್ಎಯಲ್ಲಿ ಮತ್ತೆ ಮತ್ತೆ ಸಿಗುವ, ಆದರೆ ಯಾರೂ ಕಣ್ಣಾರೆ ನೋಡದ ಶಿಲೀಂಧ್ರಗಳು ಎಷ್ಟೋ ಇವೆ. ಒಂದು ಭೌತಿಕ ಮಾದರಿ ಇಲ್ಲದೆ ನಿಯಮದ ಪ್ರಕಾರ ಹೆಸರಿಡುವಂತಿಲ್ಲ. ಹಾಗಾಗಿ ಅವು ಬರೀ ನಂಬರುಗಳಾಗಿ ಕಂಪ್ಯೂಟರಿನಲ್ಲಿ ಕೂತಿವೆ. ನಮ್ಮ ಪಟ್ಟಿಯಲ್ಲೂ ಅಂಥ ಒಂದು ನಂಬರಿದೆ. ಮೂರು ವರ್ಷದಿಂದ ಅದರ ಬೀಜಕ ಹುಡುಕುತ್ತಿದ್ದೇವೆ.

ನಿಮ್ಮ ಲ್ಯಾಬ್ ನೋಡಲು ಬರಬಹುದಾ?

ಬನ್ನಿ. ಕಾಲು ಮುಚ್ಚುವ ಚಪ್ಪಲಿ ಅಥವಾ ಶೂ ಹಾಕಿಕೊಳ್ಳಿ, ಉದ್ದ ಕೂದಲಿದ್ದರೆ ಕಟ್ಟಿಕೊಳ್ಳಿ. ಬುಧವಾರ ಬಂದರೆ ಒಳ್ಳೆಯದು, ಅವತ್ತು ಬೇರು ತೊಳೆಯುವ ದಿನ. ಬಕೆಟ್ಟುಗಳು ಇವೆ, ಕೈ ಕಡಿಮೆ ಇದೆ.